ಬಿಡುಗಡೆಯ ಕಂತು

ಬ್ಯಾಂಕಿನಲ್ಲಿ ಕೃಷಿ ಸಾಲದ ಕಡತಗಳ ನಡುವೆಯೇ ಕೂದಲು ನರೆತವನು ನಾನು. ರಷ್ಯಾದ ಜೀತದಾಳುಗಳ ಬಿಡುಗಡೆಯ ಚರಿತ್ರೆ ಓದಲು ಕೂತರೂ ನನ್ನ ಕಣ್ಣು ಮೊದಲು ಹುಡುಕುವುದು ಅಸಲು, ಬಡ್ಡಿ, ಅವಧಿಗಳನ್ನೇ.

ಹಳೆಯ ರಷ್ಯನ್ ಪಂಚಾಂಗದ ಪ್ರಕಾರ 1861ರ ಫೆಬ್ರವರಿ 19ರಂದು ತ್ಸಾರ್ ಎರಡನೇ ಅಲೆಕ್ಸಾಂಡರ್ ಬಿಡುಗಡೆಯ ಘೋಷಣೆಗೂ ಕಾಯ್ದೆಗೂ ಸಹಿ ಹಾಕಿದ. ಜಮೀನ್ದಾರರ ಕೈಕೆಳಗಿದ್ದ ಎರಡು ಕೋಟಿಗೂ ಹೆಚ್ಚು ಜನ ಸ್ವತಂತ್ರರಾದರು. ಇನ್ನು ಅವರನ್ನು ಯಾರೂ ಮಾರುವಂತಿಲ್ಲ. ಮದುವೆಗೆ ಧಣಿಯ ಅಪ್ಪಣೆ ಬೇಕಿಲ್ಲ. ಇದು ಸಣ್ಣ ಮಾತಲ್ಲ. ಆದರೆ ತಲೆತಲಾಂತರದಿಂದ ಉತ್ತ ನೆಲ ಧಣಿಯದೇ ಎಂದು ಕಾಯ್ದೆ ಹೇಳಿತು. ಬೇಕಾದರೆ ಕೊಳ್ಳಬೇಕು.

ಬೆಲೆ ಕಟ್ಟಿದ ರೀತಿಯನ್ನು ನೋಡಿ. ಮಣ್ಣಿನ ಗುಣವನ್ನಾಗಲೀ ಪೇಟೆಯ ದರವನ್ನಾಗಲೀ ಲೆಕ್ಕಕ್ಕೆ ಹಿಡಿಯಲಿಲ್ಲ. ರೈತ ಧಣಿಗೆ ವರ್ಷಕ್ಕೆ ಸಲ್ಲಿಸುವ ಹಣ, ಅಂದರೆ ‘ಒಬ್ರೋಕ್’, ಶೇ. 6ರ ಬಡ್ಡಿಯಾದರೆ ಅಸಲು ಎಷ್ಟು ಎಂದು ಕೇಳಿದರು. ಒಬ್ರೋಕ್ 9 ರೂಬಲ್ ಆದರೆ ಬೆಲೆ 150. ನೆಲದ ಪೂರ್ತಿ ಪಾಲು ಪಡೆದವನ ಪರವಾಗಿ ಅದರಲ್ಲಿ ಶೇ. 80ನ್ನು, ಅಂದರೆ 120 ರೂಬಲನ್ನು, ಖಜಾನೆ ಧಣಿಗೆ ಸಾಲಪತ್ರಗಳ ರೂಪದಲ್ಲಿ ಕೊಡುತ್ತಿತ್ತು. ಉಳಿದ 30 ರೈತನ ಕೈಯಿಂದ. ಖಜಾನೆಯ ಸಾಲಕ್ಕೆ ಅವನು ವರ್ಷಕ್ಕೆ 7 ರೂಬಲ್ 20 ಕೊಪೆಕ್‌ನಂತೆ 49 ವರ್ಷ ಕಟ್ಟಬೇಕು. ಕೂಡಿಸಿದರೆ 352 ರೂಬಲ್ 80 ಕೊಪೆಕ್.

ನನ್ನನ್ನು ಕಲಕಿದ್ದು ಬಡ್ಡಿಗಿಂತ ಹೆಚ್ಚಾಗಿ ಆ 9 ರೂಬಲ್ಲಿನ ಮೂಲ. ಉತ್ತರದ ಬಡ ನೆಲದಲ್ಲಿ ಅಷ್ಟು ಹುಟ್ಟುತ್ತಿರಲಿಲ್ಲ. ರೈತ ಚಳಿಗಾಲದಲ್ಲಿ ಮಾಸ್ಕೋಗೋ ಪೀಟರ್ಸ್‌ಬರ್ಗ್‌ಗೋ ಹೋಗಿ ಮರಗೆಲಸ ಮಾಡಿ, ಬಾಡಿಗೆ ಗಾಡಿ ಹೊಡೆದು ದುಡಿದು ತಂದು ಕೊಡುತ್ತಿದ್ದ ಹಣ ಅದು. ಆ ದುಡಿಮೆಯನ್ನೂ ನೆಲದ ಬೆಲೆಗೆ ಸೇರಿಸಿದರು. ಮನುಷ್ಯನಿಗೆ ಬೆಲೆಯಿಲ್ಲ ಎಂದು ಘೋಷಿಸಿ, ಅವನ ತೋಳಿನ ಬೆಲೆಯನ್ನು ಅವನಿಂದಲೇ ವಸೂಲಿ ಮಾಡುವುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಒಬ್ಬ ಕಟ್ಟದಿದ್ದರೆ ಇಡೀ ಗ್ರಾಮ ಸಮುದಾಯ ಹೊಣೆ. ಹಾಗಾಗಿ ಊರು ಬಿಟ್ಟು ಹೊರಡುವವನಿಗೆ ಸಮುದಾಯದ ಒಪ್ಪಿಗೆಯೂ ಬೇಕಿತ್ತು.

ಕಜಾನ್ ಪ್ರಾಂತ್ಯದ ಬೆಜ್ದ್ನಾ ಹಳ್ಳಿಯಲ್ಲಿ ಅಂತೋನ್ ಪೆತ್ರೋವ್ ಎಂಬ ರೈತನಿಗೆ ಅಲ್ಪಸ್ವಲ್ಪ ಓದು ಬರುತ್ತಿತ್ತು. ಆ ದಪ್ಪ ಕಾಯ್ದೆ ಪುಸ್ತಕದ ಅಂಕಿಗಳಲ್ಲಿ, ಸೊನ್ನೆಗಳಲ್ಲಿ ತ್ಸಾರ್ ಬರೆದಿಟ್ಟ ನಿಜವಾದ ಬಿಡುಗಡೆ ಅವನಿಗೆ ಕಂಡಿತು. ನೆಲವೆಲ್ಲ ನಮ್ಮದೇ, ಅಧಿಕಾರಿಗಳು ಮುಚ್ಚಿಟ್ಟಿದ್ದಾರೆ ಎಂದ. ಸುತ್ತಲ ಊರುಗಳ ಸಾವಿರಾರು ಜನ ಅವನ ಮನೆಯ ಮುಂದೆ ನೆರೆದರು. 1861ರ ಏಪ್ರಿಲ್‌ನಲ್ಲಿ ಸೈನ್ಯ ಗುಂಡು ಹಾರಿಸಿತು. ಹತ್ತಾರು ಹೆಣ ಬಿದ್ದವು. ಪೆತ್ರೋವ್ ಆ ಕಾಯ್ದೆಯನ್ನೇ ತಲೆಯ ಮೇಲೆ ಹೊತ್ತು ಹೊರಗೆ ಬಂದ. ಕೆಲವೇ ದಿನಗಳಲ್ಲಿ ಅವನನ್ನೂ ಗುಂಡಿಟ್ಟು ಕೊಂದರು.

ಕಂತುಗಳು ಮಾತ್ರ ನಡೆದವು. ನಡುವೆ ಒಂದಿಷ್ಟು ಕಡಿತ, ಒಂದಿಷ್ಟು ಬಾಕಿ ಮನ್ನಾ. 1905ರಲ್ಲಿ ಹಳ್ಳಿಗಳು ದಂಗೆಯೆದ್ದ ಮೇಲೆ ಎರಡನೇ ನಿಕೋಲಾಸ್ ನವೆಂಬರಿನಲ್ಲಿ ಆಜ್ಞೆ ಹೊರಡಿಸಿದ: ಮುಂದಿನ ವರ್ಷ ಅರ್ಧ ಕಂತು, 1907ರ ಜನವರಿಯಿಂದ ಪೂರ್ತಿ ರದ್ದು. ಅಷ್ಟರಲ್ಲಿ ಘೋಷಣೆಯ ವರ್ಷ ಹುಟ್ಟಿದ ಕೂಸಿಗೆ ನಲವತ್ತೈದು ದಾಟಿತ್ತು.