ಬಿಳಿ ಶಿಲುಬೆಗಳ ಗುಡ್ಡ

ಫ್ರಾನ್ಸಿನ ಅರಾಸ್ ಪಟ್ಟಣದಲ್ಲಿ ಬಿಬಿಸಿ ರೇಡಿಯೊದ ಚಾರ್ಲ್ಸ್ ಚಿಲ್ಟನ್ ತನ್ನ ತಂದೆಯ ಸಮಾಧಿಯನ್ನು ಹುಡುಕಿದ. ಒಂದನೆಯ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಆ ತಂದೆ ಮಡಿದಾಗ ವಯಸ್ಸು ಬರೀ 19. ಮಗುವಿಗಿನ್ನೂ ವರ್ಷ ತುಂಬಿರಲಿಲ್ಲ. ಸಮಾಧಿ ಸಿಗಲಿಲ್ಲ. ಸ್ಮಾರಕದ ಗೋಡೆಯ ಮೇಲೆ, ದೇಹವೇ ಸಿಗದ ಸಾವಿರಾರು ಸೈನಿಕರ ಸಾಲಿನಲ್ಲಿ, ಒಂದು ಹೆಸರು ಸಿಕ್ಕಿತು.

ಆ ಗೋಡೆಯ ಎದುರು ಹುಟ್ಟಿದ ಸಂಕಟ 1961ರಲ್ಲಿ ರೇಡಿಯೊ ಕಾರ್ಯಕ್ರಮವಾಯಿತು. ಕಂದಕದ ಕೆಸರಿನಲ್ಲಿ ನಿಂತು ಸಿಪಾಯಿಗಳೇ ಕಟ್ಟಿದ ಹಾಡುಗಳನ್ನು ಚಿಲ್ಟನ್ ಕಲೆಹಾಕಿದ್ದ. ಚರ್ಚಿನ ಪ್ರಾರ್ಥನೆಗಳ ರಾಗಕ್ಕೆ ತಮ್ಮ ಹಸಿವು, ಭಯ, ಮೇಲಧಿಕಾರಿಗಳ ಮೇಲಿನ ಸಿಟ್ಟನ್ನು ತುಂಬಿ ಅವರು ಹಾಡಿದ್ದರು. ಆ ಯುದ್ಧಕ್ಕೆ ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಇಲ್ಲವೆಂದೇ ನನ್ನ ಭಾವನೆ.

1963ರ ಮಾರ್ಚ್‌ನಲ್ಲಿ ರಂಗನಿರ್ದೇಶಕಿ ಜೋನ್ ಲಿಟಲ್‌ವುಡ್ ತಮ್ಮ ತಂಡದೊಡನೆ ಪೂರ್ವ ಲಂಡನ್ನಿನ ಥಿಯೇಟರ್ ರಾಯಲ್‌ನಲ್ಲಿ ಆ ಹಾಡುಗಳನ್ನು ರಂಗಕ್ಕೆ ತಂದರು. ಹೆಸರು ‘ಓಹ್ ವಾಟ್ ಎ ಲವ್ಲಿ ವಾರ್’. ಖಾಕಿಯನ್ನು ಕಂಡರಾಗದ ಆಕೆ ನಟರಿಗೆ ಕಡಲತೀರದ ವಿದೂಷಕರ ಬಿಳಿ ಉಡುಪು ತೊಡಿಸಿದರು. ಮುಂದೆ ನಗೆ, ಕುಣಿತ. ಹಿಂದಿನ ಫಲಕದಲ್ಲಿ ಸತ್ತವರ ಲೆಕ್ಕ ಸರಿಯುತ್ತಿತ್ತು.

1969ರಲ್ಲಿ ಅದು ಚಲನಚಿತ್ರವಾಯಿತು. ಮುಂದೆ ‘ಗಾಂಧಿ’ಯನ್ನು ಕೊಟ್ಟ ರಿಚರ್ಡ್ ಅಟೆನ್‌ಬರೋ ನಿರ್ದೇಶಿಸಿದ ಮೊದಲ ಚಿತ್ರವದು. ಯುದ್ಧದ ಹಲವು ದೃಶ್ಯಗಳು ಇಂಗ್ಲೆಂಡಿನ ಕಡಲೂರು ಬ್ರೈಟನ್‌ನ ವೆಸ್ಟ್ ಪಿಯರ್ ಎಂಬ ಕಡಲಸೇತುವೆಯ ಮೇಲೆ, ಜಾತ್ರೆಯ ಆಟವೆಂಬಂತೆ ನಡೆದವು. ಬ್ರಿಟಿಷ್ ಮಹಾದಂಡನಾಯಕ ಹೇಗ್ ಪಾತ್ರದಲ್ಲಿ ಜಾನ್ ಮಿಲ್ಸ್. ಸಾವುಗಳನ್ನು ತೋರಿಸಲು ಕ್ರಿಕೆಟ್ಟಿನ ಸ್ಕೋರ್ ಫಲಕ. ಗೆದ್ದ ನೆಲ ಸೊನ್ನೆ.

ಬ್ರೈಟನ್ ನಮಗೂ ಪರಕೀಯವಲ್ಲ. ಅಲ್ಲಿನ ಅರಮನೆ ಆ ಯುದ್ಧದಲ್ಲಿ ಭಾರತೀಯ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಊರಿನಾಚೆಯ ಗುಡ್ಡದಲ್ಲಿ, 53 ಹಿಂದೂ ಮತ್ತು ಸಿಖ್ ಸೈನಿಕರ ಚಿತೆ ಉರಿದ ಜಾಗದಲ್ಲಿ, ‘ಛತ್ರಿ’ ಎಂಬ ಅಮೃತಶಿಲೆಯ ಸ್ಮಾರಕ ಇಂದಿಗೂ ನಿಂತಿದೆ.

ಚಿತ್ರದ ಕೊನೆಯ ದೃಶ್ಯವೂ ಆ ಸೀಮೆಯ ಗುಡ್ಡಗಳಲ್ಲೇ. ಚಿತ್ರ ಹಿಂಬಾಲಿಸುವ ಸ್ಮಿತ್ ಮನೆತನದ ಹೆಂಗಸರು ಬಿಳಿ ಉಡುಪಿನಲ್ಲಿ ಹುಲ್ಲಿನ ಮೇಲಿದ್ದಾರೆ. ಮಡಿದ ಗಂಡಸರು ಪಕ್ಕದಲ್ಲೇ ಮಲಗಿ, ಒಬ್ಬೊಬ್ಬರೇ ಶಿಲುಬೆಗಳಾಗುತ್ತಾರೆ. ಅಪ್ಪ ಯುದ್ಧದಲ್ಲಿ ಏನು ಮಾಡಿದ ಎಂದು ಪುಟ್ಟ ಹುಡುಗಿ ಕೇಳುತ್ತಾಳೆ. ಉತ್ತರ ಬರುವುದಿಲ್ಲ. ಸಿಪಾಯಿಗಳ ಹಾಡು ಕೇಳುತ್ತಿರುವಂತೆಯೇ ಕ್ಯಾಮರಾ ಏರತೊಡಗುತ್ತದೆ. ಹತ್ತು ಶಿಲುಬೆ, ನೂರು, ಸಾವಿರ. ಹೆಂಗಸರ ಉಡುಪು ಯಾವುದು, ಶಿಲುಬೆ ಯಾವುದು ಎಂದು ಗುರುತು ಹಿಡಿಯಲಾಗದಷ್ಟು ಎತ್ತರಕ್ಕೆ.