2005ರ ಏಪ್ರಿಲ್: ಲಿನಕ್ಸ್ ತನ್ನ ದಫ್ತರ ಬದಲಿಸಿದ ಕಥೆ

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಹೆಸರನ್ನು ನೀವು ಕೇಳಿರುತ್ತೀರಿ. ಅದರ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಈ ಕರ್ನೆಲ್‌ನ ಯಾವುದಾದರೂ ಕಡತವನ್ನು ತೆರೆದು, ಅದರ ಒಂದು ಸಾಲನ್ನು ಯಾರು, ಯಾವಾಗ ಬರೆದರು ಎಂದು ಗಣಕಯಂತ್ರವನ್ನೇ ಕೇಳಬಹುದು. ಹಾಗೆ ಕೇಳುವ ಆಜ್ಞೆಗೆ 'ಬ್ಲೇಮ್' ಎಂದು ಹೆಸರು, ಅಂದರೆ ದೂರುವುದು! ತಪ್ಪು ಯಾರದೆಂದು ಹುಡುಕುವಾಗಲೇ ಹೆಚ್ಚಾಗಿ ಇದರ ನೆನಪಾಗುವುದರಿಂದ ಹೆಸರು ಸರಿಯಾಗಿಯೇ ಇದೆ. ವಿಚಿತ್ರವೆಂದರೆ, ಹಳೆಯ ಸಾಲುಗಳ ವಿಷಯದಲ್ಲಿ ಬರುವ ಉತ್ತರ ಒಂದೇ: ಲಿನಸ್ ಟೋರ್ವಾಲ್ಡ್ಸ್, 2005ರ ಏಪ್ರಿಲ್ 16. ಆ ಒಂದೇ ದಿನ 17,291 ಕಡತಗಳು, 67 ಲಕ್ಷಕ್ಕೂ ಹೆಚ್ಚು ಸಾಲುಗಳು ಅವರ ಹೆಸರಿಗೆ ದಾಖಲಾಗಿವೆ. ಯಾವ ಮನುಷ್ಯನೂ ದಿನಕ್ಕೆ ಅಷ್ಟು ಬರೆಯಲಾರ. ಹಾಗಾದರೆ ಅಂದು ನಡೆದದ್ದೇನು?

ನೂರಾರು ಜನ ಸೇರಿ ಒಂದೇ ತಂತ್ರಾಂಶವನ್ನು ಬರೆಯುವಾಗ, ಯಾರು ಏನನ್ನು ಏಕೆ ಬದಲಿಸಿದರು ಎಂಬುದಕ್ಕೆ ಲೆಕ್ಕ ಬೇಕು. ಪಹಣಿಯಲ್ಲಿ ಹೆಸರು ಬದಲಾದಾಗ ಮ್ಯುಟೇಶನ್ ಸಂಖ್ಯೆ ಬರೆಯುತ್ತಾರಲ್ಲ, ಸರಿಸುಮಾರು ಹಾಗೆ. ಈ ಕೆಲಸಕ್ಕೆಂದೇ ಇರುವ ತಂತ್ರಾಂಶಗಳನ್ನು ಆವೃತ್ತಿ ನಿಯಂತ್ರಣ ವ್ಯವಸ್ಥೆಗಳೆನ್ನುತ್ತಾರೆ. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಬರೆದ ಎಸ್‌ಸಿಸಿಎಸ್ ಇವುಗಳಲ್ಲಿ ಹಿರಿಯದು. ಆಮೇಲೆ ಆರ್‌ಸಿಎಸ್, ಸಿವಿಎಸ್, ಸಬ್‌ವರ್ಷನ್ ಬಂದವು.

ಲಿನಕ್ಸ್ ಮಾತ್ರ ಇವಾವುದನ್ನೂ ಒಪ್ಪಿಕೊಳ್ಳಲಿಲ್ಲ. 1991ರಿಂದ ಸುಮಾರು ಹತ್ತು ವರ್ಷ, ಜಗತ್ತಿನ ಎಲ್ಲೆಡೆಯಿಂದ ತಿದ್ದುಪಡಿಗಳು ಇ-ಮೇಲ್ ಮೂಲಕ ಟೋರ್ವಾಲ್ಡ್ಸ್‌ಗೆ ಬರುತ್ತಿದ್ದವು. ಅವರು ಓದಿ, ಸರಿಕಂಡದ್ದನ್ನು ಸೇರಿಸಿ, ಆಗಾಗ ಒಂದು ಕಟ್ಟನ್ನು ಬಿಡುಗಡೆ ಮಾಡುತ್ತಿದ್ದರು. ಕೆಲಸ ಬೆಳೆದಂತೆ ಪತ್ರಗಳು ಕಳೆದುಹೋಗತೊಡಗಿದವು, ಕಳಿಸಿದವರು ಸಿಟ್ಟಾಗತೊಡಗಿದರು. ಕೊನೆಗೆ 2002ರ ಫೆಬ್ರವರಿಯಲ್ಲಿ ಅವರು ಲ್ಯಾರಿ ಮೆಕ್‌ವಾಯ್ ಅವರ ಬಿಟ್‌ಕೀಪರ್ ಎಂಬ ವ್ಯವಸ್ಥೆಯನ್ನು ಹಿಡಿದರು. ಪ್ರತಿಯೊಬ್ಬ ಕೆಲಸಗಾರನ ಗಣಕದಲ್ಲೂ ಪೂರ್ತಿ ಇತಿಹಾಸದ ಪ್ರತಿ ಇರುವುದು, ಯಾರ ಪ್ರತಿಯನ್ನು ಯಾರಾದರೂ ತಮ್ಮದರೊಡನೆ ಕೂಡಿಸಿಕೊಳ್ಳಬಹುದಾದದ್ದು ಅದರ ಹೆಚ್ಚುಗಾರಿಕೆ.

ಆದರೆ ಬಿಟ್‌ಕೀಪರ್ ಖಾಸಗಿ ಕಂಪನಿಯ ಸರಕು. ಲಿನಕ್ಸ್‌ನವರಿಗೆ ಅದು ಉಚಿತವಾಗಿ ದೊರೆಯುತ್ತಿತ್ತು. ಬಳಸುವವರು ಅದಕ್ಕೆ ಪೈಪೋಟಿಯಾಗುವ ವ್ಯವಸ್ಥೆಯನ್ನು ರಚಿಸಕೂಡದು ಎಂಬುದು ಷರತ್ತು. ಎಲ್ಲರೂ ನೋಡಬಹುದಾದ, ತಿದ್ದಬಹುದಾದ ತಂತ್ರಾಂಶದ ಇತಿಹಾಸ ಬೇರೊಬ್ಬರ ಬೀಗದೊಳಗೆ ಕುಳಿತದ್ದು ಹಲವರಿಗೆ ಹಿಡಿಸಲಿಲ್ಲ. ಅವರದು ವಿತಂಡವಾದ ಎಂದು ಆಗ ಅನೇಕರು ಭಾವಿಸಿದ್ದರು. ನನ್ನ ಮಟ್ಟಿಗೆ, ಆಕ್ಷೇಪಿಸಿದವರ ಮಾತೇ ನಿಜವಾಯಿತು.

ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಬಿಟ್‌ಕೀಪರನ್ನು ತಾವು ಬಳಸದೆಯೇ, ಅದರ ಸರ್ವರ್ ಜೊತೆ ಮಾತನಾಡುವ ಪುಟ್ಟ ಸಾಧನವೊಂದನ್ನು ಬರೆಯಹೊರಟರು. ಟೆಲ್‌ನೆಟ್‌ನಿಂದ ಸಂಪರ್ಕಿಸಿ 'ಹೆಲ್ಪ್' ಎಂದು ಟೈಪಿಸಿದರೆ ಆ ಸರ್ವರ್ ತನ್ನ ಆಜ್ಞೆಗಳ ಪಟ್ಟಿಯನ್ನೇ ಕೊಡುತ್ತಿತ್ತು! ಮೆಕ್‌ವಾಯ್ ಇದನ್ನು ಒಪ್ಪಲಿಲ್ಲ. 2005ರ ಏಪ್ರಿಲ್‌ನಲ್ಲಿ ಉಚಿತ ಬಳಕೆಗೆ ತೆರೆ ಬೀಳುವುದೆಂಬ ಸುದ್ದಿ ಬಂತು. ಮೂರು ವರ್ಷಗಳ ದಾಖಲೆಯೊಂದಿಗೆ ಲಿನಕ್ಸ್ ಬೀದಿಗೆ ಬಂದಂತಾಯಿತು.

ಸಿದ್ಧವಿದ್ದ ಉಚಿತ ವ್ಯವಸ್ಥೆಗಳಲ್ಲಿ ಲಿನಕ್ಸ್‌ನ ಗಾತ್ರವನ್ನು ತಾಳುವಷ್ಟು ವೇಗದ್ದು ಟೋರ್ವಾಲ್ಡ್ಸ್‌ಗೆ ಕಾಣಲಿಲ್ಲ. ಏಪ್ರಿಲ್ 3ರಂದು ತಾವೇ ಒಂದನ್ನು ಬರೆಯಲು ಕುಳಿತರು. ಏಪ್ರಿಲ್ 7ರ ಹೊತ್ತಿಗೆ, ಸಾವಿರಕ್ಕೆ ತುಸು ಹೆಚ್ಚು ಸಾಲುಗಳ ಆ 'ಗಿಟ್' ತನ್ನ ಇತಿಹಾಸವನ್ನು ತಾನೇ ಬರೆದಿಟ್ಟುಕೊಳ್ಳತೊಡಗಿತ್ತು. ಏಪ್ರಿಲ್ 16ರಂದು ಕರ್ನೆಲ್ ಅದರೊಳಕ್ಕೆ ಬಂತು.

ಇಲ್ಲಿಯೇ ಅವರೊಂದು ನಿರ್ಧಾರ ಮಾಡಿದರು: ಹಳೆಯ ಇತಿಹಾಸವನ್ನು ತರುವುದಿಲ್ಲ. ಅಂದು ಇದ್ದ 2.6.12-ಆರ್‌ಸಿ2 ಆವೃತ್ತಿಯನ್ನು ಇದ್ದಹಾಗೆಯೇ ಒಳಗಿಟ್ಟು, ಇತಿಹಾಸ ನಮ್ಮ ಬಳಿ ಇದೆ, ಆದರೆ ಗಿಟ್‌ಗೆ ತುಂಬಿದರೆ ಸುಮಾರು 3.2 ಜಿಬಿ ಆಗುತ್ತದೆ, ಬೇಕಾದರೆ ಮುಂದೆ ಪ್ರತ್ಯೇಕವಾಗಿ ಕಟ್ಟೋಣ ಎಂಬರ್ಥದ ಷರಾ ಬರೆದರು. ಆರಂಭದ ಗಿಟ್ ಪ್ರತಿ ಬದಲಾವಣೆಗೂ ಕಡತದ ಪೂರ್ತಿ ಪ್ರತಿಯನ್ನು ಕುಗ್ಗಿಸಿ ಇಡುತ್ತಿದ್ದುದೇ ಆ ಗಾತ್ರಕ್ಕೆ ಕಾರಣ. ಪ್ರತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಕಟ್ಟಿಡುವ ಉಪಾಯ ಅದೇ ವರ್ಷದ ನಡುವೆ ಬಂತು. ಎರಡು ತಿಂಗಳು ಕಾದಿದ್ದರೆ ಎಂದು ಈಗ ಹೇಳುವುದು ಸುಲಭ. ಆದರೆ ಅಷ್ಟು ದಿನ ಜಗತ್ತಿನ ಕೆಲಸಗಾರರು ಕೈಕಟ್ಟಿ ಕೂರಬೇಕಾಗುತ್ತಿತ್ತು.

ಇತಿಹಾಸವನ್ನು ಆಮೇಲೆ ಹಿಂದಕ್ಕೆ ಅಂಟಿಸಿದರಾಯಿತಲ್ಲವೇ? ಅಷ್ಟು ಸುಲಭವಿಲ್ಲ. ಗಿಟ್‌ನಲ್ಲಿ ಪ್ರತಿ ದಾಖಲೆಗೂ 40 ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಎಸ್‌ಎಚ್‌ಎ-1 ಎಂಬ ಗಣಿತ ವಿಧಾನದಿಂದ, ದಾಖಲೆಯ ಒಳವಸ್ತುವಿನಿಂದಲೇ ಆ ಗುರುತು ಹುಟ್ಟುತ್ತದೆ. ಆ ಒಳವಸ್ತುವಿನಲ್ಲಿ ಹಿಂದಿನ ದಾಖಲೆಯ ಗುರುತೂ ಸೇರಿರುತ್ತದೆ. ಮೊದಲ ದಾಖಲೆಗೆ ಹೊಸದಾಗಿ ಒಬ್ಬ 'ಪೂರ್ವಜ'ನನ್ನು ಕೊಟ್ಟರೆ ಅದರ ಗುರುತು ಬದಲಾಗುತ್ತದೆ. ಅದರಿಂದ ಎರಡನೆಯದು, ಮೂರನೆಯದು, ಇಂದಿನವರೆಗಿನ ಎಲ್ಲವೂ ಬದಲಾಗುತ್ತವೆ. ಜಗತ್ತಿನಲ್ಲಿ ಹರಡಿರುವ ಪ್ರತಿಗಳೆಲ್ಲ ಒಂದಕ್ಕೊಂದು ಹೊಂದದಂತಾಗುತ್ತವೆ. ಹಳೆಯದನ್ನು ಯಾರೂ ಗುಟ್ಟಾಗಿ ತಿದ್ದದಿರಲೆಂದು ಮಾಡಿದ ಏರ್ಪಾಡೇ ಹಳೆಯದನ್ನು ಸೇರಿಸಲೂ ಬಿಡುವುದಿಲ್ಲ.

ಮುಂದೆ ಥಾಮಸ್ ಗ್ಲೈಕ್ಸ್ನರ್ ಬಿಟ್‌ಕೀಪರ್ ಕಾಲದ ದಾಖಲೆಗಳನ್ನು ಬೇರೆಯದೇ ಗಿಟ್ ಭಂಡಾರವಾಗಿ ರೂಪಿಸಿದರು. ಬೇಕಾದವರು ಅದನ್ನು ತಂದುಕೊಂಡು, ತಮ್ಮ ಗಣಕದ ಮಟ್ಟಿಗೆ ಮಾತ್ರ, 'ಈ ಮೊದಲ ದಾಖಲೆಗೆ ಪೂರ್ವಜ ಅದು' ಎಂದು ಗಿಟ್‌ಗೆ ಹೇಳಬಹುದು. ಗಿಡಕ್ಕೆ ಕಸಿ ಕಟ್ಟುವ ಪದವಾದ 'ಗ್ರಾಫ್ಟ್' ಎಂದೇ ಇದನ್ನು ಕರೆದರು.

ಎಲ್ಲರೂ ಲಿನಕ್ಸ್‌ನಂತೆ ಮಾಡಲಿಲ್ಲ. ಜಿಸಿಸಿ ಎಂಬ ಹೆಸರಾಂತ ಕಂಪೈಲರ್ ಸಬ್‌ವರ್ಷನ್‌ನಿಂದ ಗಿಟ್‌ಗೆ ಬಂದದ್ದು 2020ರ ಜನವರಿಯಲ್ಲಿ, ದಶಕಗಳ ಇತಿಹಾಸವನ್ನೆಲ್ಲ ಹೊತ್ತುಕೊಂಡು. ಅದಕ್ಕೆ ಹಿಡಿದದ್ದು ದಿನಗಳಲ್ಲ, ವರ್ಷಗಳು. ಎರಿಕ್ ರೇಮಂಡ್ ಇಂಥ ವರ್ಗಾವಣೆಗೆಂದೇ ಪೈಥಾನ್ ಭಾಷೆಯಲ್ಲಿ ಬರೆದಿದ್ದ ಸಾಧನಕ್ಕೆ ಜಿಸಿಸಿಯ ಭಾರ ಎಳೆಯಲಾಗದೆ, ಅದನ್ನು ಗೋ ಭಾಷೆಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಬಿಟ್‌ಕೀಪರ್ ಕೂಡ 2016ರಲ್ಲಿ ತನ್ನ ಮೂಲವನ್ನು ಎಲ್ಲರಿಗೂ ತೆರೆದಿಟ್ಟಿತು. ಆ ವೇಳೆಗೆ ಗಿಟ್ ಎಲ್ಲೆಡೆ ಹರಡಿಯಾಗಿತ್ತು.

ಕಸಿ ಕಟ್ಟಿಕೊಂಡು 'ಬ್ಲೇಮ್' ಕೇಳಿದರೆ, 2005ಕ್ಕೆ ನಿಲ್ಲುತ್ತಿದ್ದ ಉತ್ತರ ಈಗ 2002ರವರೆಗೆ ಹೋಗುತ್ತದೆ. ಅಲ್ಲಿ ಮತ್ತೆ ನಿಲ್ಲುತ್ತದೆ. ಅದಕ್ಕೂ ಹಿಂದಿನದಕ್ಕೆ ಉಳಿದಿರುವುದು ಬಿಡುಗಡೆಯಾದ ಕಟ್ಟುಗಳು. ಒಂದು ಕಟ್ಟಿಗೂ ಮುಂದಿನದಕ್ಕೂ ನಡುವೆ ಎಷ್ಟೋ ಜನರ ಕೆಲಸ ಗಂಟಾಗಿ ಕೂತಿದೆ. ಅದರಲ್ಲಿ ಒಂದು ಸಾಲು ಯಾರದು, ಏಕೆ ಬಂತು ಎಂದು ತಿಳಿಯಬೇಕಾದವರು ಈಗಲೂ ತೊಂಬತ್ತರ ದಶಕದ ಇ-ಮೇಲ್‌ಗಳನ್ನು ಒಂದೊಂದಾಗಿ ಓದುತ್ತಾ ಹೋಗುತ್ತಾರೆ.