ಪದ್ಮಜಾ ನಾಯ್ಡು ಹಿಮಾಲಯ ಮೃಗಾಲಯ

ಪಶ್ಚಿಮ ಬಂಗಾಳದ ಡಾರ್ಜಿಲಿಂಗ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿರುವ ಮೃಗಾಲಯ. ಸ್ಥಾಪನೆ 1958. ಹಿಮಚಿರತೆಯ ಸಂತಾನವೃದ್ಧಿಯೂ ಇಲ್ಲಿ ನಡೆದಿದೆ. ಆದರೆ ಇದಕ್ಕೆ ಹೆಸರು ತಂದದ್ದು ಕೆಂಪು ಪಾಂಡಾ. ಬಿದಿರೆಲೆಯನ್ನೇ ನೆಚ್ಚಿ ಬದುಕುವ ಈ ಪ್ರಾಣಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಒಂದೆರಡೇ ಮರಿ ಹಾಕುತ್ತದೆ. ಹಾಗಾಗಿ ಸಂಖ್ಯೆ ಬೇಗ ಏರದು; ಇರುವ ಕೆಲವೇ ಪ್ರಾಣಿಗಳಲ್ಲಿ ಹತ್ತಿರದ ರಕ್ತಸಂಬಂಧ ಬೆರೆಯದಂತೆ ವಂಶಾವಳಿ ನೋಡಿಯೇ ಜೋಡಿ ಕೂಡಿಸಬೇಕು. 2003ರಲ್ಲಿ ಇಲ್ಲಿ ಬೆಳೆದ ಸ್ವೀಟಿ, ಮಿನಿ ಎಂಬ ಎರಡು ಹೆಣ್ಣು ಪಾಂಡಾಗಳಿಗೆ ರೇಡಿಯೋ ಕಾಲರ್ ತೊಡಿಸಿ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಬಿಡಲಾಯಿತು. ಮಿನಿ ಚಿರತೆಗೆ ಬಲಿಯಾಯಿತು. ಸ್ವೀಟಿ ಕಾಡಿನ ಗಂಡಿನೊಡನೆ ಕೂಡಿ, ಮರುವರ್ಷ ಮರದ ಪೊಟರೆಯಲ್ಲಿ ಮರಿ ಹಾಕಿತು. ಮೃಗಾಲಯದಲ್ಲಿ ಬೆಳೆದ ಪ್ರಾಣಿಯ ಪಾಲಿಗೆ ಇದು ಸಣ್ಣ ಮಾತಲ್ಲ. 2022ರಿಂದ 2024ರವರೆಗೆ ಇನ್ನೂ ಒಂಬತ್ತು ಪಾಂಡಾಗಳನ್ನು ಅದೇ ಕಾಡಿಗೆ ಬಿಡಲಾಗಿದೆ.